ನಾಲ್ಕು ಬೆರಳು ಮಣ್ಣು

ಬೆಟಗೇರಿಯ ಆ ಓಣಿಯಲ್ಲಿ ಹದಿನೇಳು ಮನೆ, ಹದಿನೇಳು ಮಗ್ಗ. ಅಕ್ಬರಸಾಬ ತೀರಿಕೊಂಡ ಮೇಲೆ ಹದಿನಾರು ಮಗ್ಗಗಳು ಸದ್ದು ಮಾಡುತ್ತಿದ್ದವು. ಹದಿನಾರಕ್ಕೂ ಹದಿನೇಳಕ್ಕೂ ಏನು ಮಹಾ ಫರಕು ಎಂದು ಹೊರಗಿನವರು ಕೇಳಿಯಾರು. ಅವನ ಹೆಂಡತಿ ರೋಶನಬಿಗೆ ಮಾತ್ರ ಆ ಹದಿನಾರೂ ಕೇಳುತ್ತಿರಲಿಲ್ಲ, ನಿಂತ ಒಂದೇ ಕೇಳುತ್ತಿತ್ತು. ಎರಡು ವರ್ಷ ಅವಳು ಆ ನಿಂತ ಮಗ್ಗದ ಎದುರು ಗೋಡೆಗೊರಗಿ ಕುಳಿತು, ರಾಟೆ ತಿರುಗಿಸಿ ಬೇರೆಯವರ ಲಾಳಿಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತ ದಿನ ಕಳೆದಳು.

ಅವರದು ಕುಣಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು, ತಳದಲ್ಲಿರುವ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ನೇಯಬೇಕು. ಗಂಡುಮಕ್ಕಳು ಕುಣಿಗೆ ಇಳಿಯುವುದಕ್ಕೆ ಓಣಿಯಲ್ಲಿ ಒಂದು ಪದ್ಧತಿಯಿತ್ತು. ಹುಡುಗ ಬೆಳೆದು, ಅಪ್ಪನ ಕುಣಿಯಲ್ಲಿ ಅವನ ಹಿಮ್ಮಡಿ ತಳದ ಮಣ್ಣಿಗೆ ತಾಗಿದ ದಿನ ಅವನ ಬಾಯಿಗೆ ಬೆಲ್ಲ ಹಾಕಿ, ‘ಕಾಲು ಮುಟ್ಟಿದವು’ ಎಂದು ಮನೆಮನೆಗೆ ಹೇಳಿ ಬರುತ್ತಿದ್ದರು. ಅಲ್ಲಿಯತನಕ ಅವನು ಮಗ್ಗಕ್ಕೆ ಕೂರುವಂತಿರಲಿಲ್ಲ. ಹಿಂದೂಗಳ ಮನೆಯಲ್ಲೂ ಇದೇ, ಸಾಬರ ಮನೆಯಲ್ಲೂ ಇದೇ. ಅಪ್ಪನ ಕುಣಿ ಮಗನಿಗೆ, ಮಗನದು ಮೊಮ್ಮಗನಿಗೆ.

ಹೆಣ್ಣುಮಕ್ಕಳ ಕಾಲನ್ನು ಯಾರೂ ಅಳೆಯುತ್ತಿರಲಿಲ್ಲ. ರೋಶನಬಿ ಹೊಸ ಸೊಸೆಯಾಗಿದ್ದಾಗ, ಗಂಡ ಗದಗಿನ ಪೇಟೆಗೆ ಹೋದ ಹೊತ್ತು ನೋಡಿ ಒಮ್ಮೆ ಕುಣಿಗೆ ಇಳಿದಿದ್ದಳು. ಅಕ್ಬರಸಾಬ ಬಾಗಿಲಲ್ಲಿ ಬಗ್ಗಿ ಬರುವ ಎತ್ತರದ ಆಳು, ಅವನ ಕುಣಿ ಓಣಿಯಲ್ಲೇ ಆಳದ್ದು. ಅವಳ ಕಾಲು ಒಳಗೆ ಸುಮ್ಮನೆ ಜೋತಾಡಿದವು. ಬೇಗ ಮರಳಿ ಬಂದ ಗಂಡ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ನಿನ್ನ ಕಾಲಿಗೆ ಈ ಕುಣಿ ಎಲ್ಲಿ ನಿಲುಕತೈತಿ? ನಿನಗ ರಾಟಿನ ಛಲೋ” ಎಂದ. ಪ್ರೀತಿಯಿಂದ ಅಂದ ಮಾತೇ. ಅವಳೂ ನಕ್ಕಳು, ಮತ್ತೆಂದೂ ಇಳಿಯಲಿಲ್ಲ.

ಕೂರುವ ಮಗ ಇಲ್ಲದ ಮನೆಯಲ್ಲಿ ಕುಣಿ ಮುಚ್ಚಿಬಿಡಬೇಕು ಎಂಬುದು ಓಣಿಯ ಮಾತು. ಇದ್ದೊಬ್ಬ ಮಗಳು ಸಾಬೀರಾ ಲಕ್ಷ್ಮೇಶ್ವರದಿಂದ ಬಂದಾಗಲೆಲ್ಲ, “ಕುಣಿ ಮುಚ್ಚಿಸಿ ನನ್ನ ಕೂಡ ಬಂದುಬಿಡಮ್ಮಾ” ಎಂದು ಕಾಡುತ್ತಿದ್ದಳು. ಒಮ್ಮೆ ರೋಶನಬಿ ಹೋಗಿಯೂ ಹೋದಳು. ಅಳಿಯನ ಬಳೆ ಅಂಗಡಿ, ಮೊಮ್ಮಕ್ಕಳ ಗದ್ದಲ, ಉಣ್ಣಲು ತಿನ್ನಲು ಏನೂ ಕಡಿಮೆಯಿರಲಿಲ್ಲ. ಮೂರನೆಯ ದಿನ, “ಮುಂಜಾನೆ ಎದ್ದರ ಮಗ್ಗದ ಸಪ್ಪಳ ಇಲ್ಲ, ಯಾವ ಊರಾಗ ಅದೀನಿ ಅನ್ನೂದ ತಿಳೀವಲ್ದು” ಎಂದು ಬಸ್ಸು ಹತ್ತಿ ಬಂದುಬಿಟ್ಟಳು. ಬಂದ ಮನೆಯಲ್ಲಾದರೂ ಯಾರಿದ್ದರು? ಕುಣಿಯ ತಳದಲ್ಲಿ ಅಕ್ಬರಸಾಬನ ಹಿಮ್ಮಡಿಗಳು ಮೂವತ್ತು ವರ್ಷ ಊರಿ ಊರಿ ಮಾಡಿದ ಎರಡು ತಗ್ಗುಗಳಿದ್ದವು. ಅವನದೆಂದು ಉಳಿದದ್ದು ಅಷ್ಟೇ. ಅದನ್ನು ಮುಚ್ಚಲು ಅವಳಿಗೆ ಮನಸ್ಸಾಗಲಿಲ್ಲ, ಬಗ್ಗಿ ನೋಡಲು ಧೈರ್ಯವೂ ಆಗಲಿಲ್ಲ. ಕುಣಿಯ ಮೇಲೆ ಹಲಗೆ ಮುಚ್ಚಿ ಬಿಟ್ಟಿದ್ದಳು.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ನೇಕಾರರ ಸಂಘದ ಹಿರಿಯ ಕುಬೇರಪ್ಪ ಸೀರೆಯ ಗಂಟು ಹೊತ್ತು ಸಿಂಧನೂರಿಗೆ ಹೋಗಿದ್ದ. ಪೂರ್ವ ಬಂಗಾಳದಿಂದ ಮನೆಮಾರು ಬಿಟ್ಟು ಓಡಿಬಂದ ಹಿಂದೂಗಳಿಗೆ ಆ ಕಡೆ ಸರ್ಕಾರ ಕ್ಯಾಂಪು ಹಾಕಿ ಹೊಲ ಹಂಚಿತ್ತು. ಅಂಗಡಿ ಕಟ್ಟೆಯ ಮೇಲೆ ಹರವಿದ್ದ ಸೀರೆಯೊಂದನ್ನು ಗಿಡ್ಡನೆಯ ಮನುಷ್ಯನೊಬ್ಬ ಎತ್ತಿಕೊಂಡು, ಮುಖ ನೋಡದೆ ಬೆನ್ನು ತಿರುವಿ ನೋಡಿದ. ಬಟ್ಟೆಯ ಬೆನ್ನು ನೋಡುವವನು ನೇಕಾರನೇ ಇರಬೇಕು ಎಂದು ಕುಬೇರಪ್ಪನಿಗೆ ತಟ್ಟನೆ ಹೊಳೆಯಿತು. ತನಗೆ ಬರುವಷ್ಟು ಹಿಂದಿಯಲ್ಲಿ ಮಾತಾಡಿಸಿದ. ಹೆಸರು ಹಾರಾಧನ ಬಸಾಕ. ತಲೆತಲಾಂತರದಿಂದ ನೇಯ್ಗೆ. ಈಗ ಅಣ್ಣನ ಸಂಸಾರದ ಜೊತೆ ಐದೆಕರೆ ಹೊಲ, ನೇಗಿಲು ಹಿಡಿದರೆ ಕೈ ಬೊಬ್ಬೆ. ಹೆಂಡತಿ ದಾರಿಯ ಯಾವುದೋ ಕ್ಯಾಂಪಿನಲ್ಲಿ ವಾಂತಿಭೇದಿಗೆ ಹೋಗಿದ್ದಳು. ಕುಬೇರಪ್ಪ ಮೆತ್ತನೆಯ ಮನುಷ್ಯ, ಆದರೆ ಮೆತ್ತನೆಯವನು ಅನ್ನಿಸಿಕೊಳ್ಳಲು ನಾಚಿಕೆ. ಗದರಿಸಿಯೇ ಅವನನ್ನು ಬಸ್ಸು ಹತ್ತಿಸಿಕೊಂಡು ಬಂದ.

ಬಂದವನೇ ರೋಶನಬಿಯ ಬಾಗಿಲಿಗೆ ಹೋಗಿ ನಿಂತ. “ತಂಗೀ, ಒಂದು ಮಾತು ಕೇಳಾಕ ಬಂದೇನಿ. ಸಿಟ್ಟಾಗಬ್ಯಾಡ.”

“ಕೇಳ್ರಿ ಅಣ್ಣಾರ. ಕೇಳಿದ ಮ್ಯಾಲ ಸಿಟ್ಟಾಗೂದೋ ಬಿಡೂದೋ ನೋಡೋಣು.”

“ಅಕ್ಬರಸಾಬನ ಮಗ್ಗ ಖಾಲಿ ಐತಿ. ಇವಾ ಕಸಬುದಾರ ಅದಾನ, ಕುಂಡ್ರಾಕ ಮಗ್ಗಿಲ್ಲ. ಹಗಲೊತ್ತು ಬಂದು ನೇಯ್ದು ಹೋಗತಾನ. ಮಲಗೂದು ಸಂಘದ ಗೋದಾಮಿನ್ಯಾಗ.”

ಓಣಿಯಲ್ಲಿ ಆಗಲೇ ಪಿಸುಮಾತು ಎದ್ದಿತ್ತು. ಅವನನ್ನು ಊರು ಬಿಡಿಸಿದವರು ಇವಳ ಮಂದಿಯೇ ಅಲ್ಲವೇ, ಈಗ ಇವಳ ಮನೆಯಲ್ಲೇ ಕೂರುತ್ತಾನೆಯೇ ಎಂದು. ಅದು ರೋಶನಬಿಯ ಕಿವಿಗೂ ಬಿದ್ದಿತ್ತು. ಅವಳು ಬಾಗಿಲಿಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದಳು: “ನಾ ಬೆಟಗೇರಿ ದಾಟಿದ್ದರ ಲಕ್ಷ್ಮೇಶ್ವರತನಕ ದಾಟೇನಿ. ಅದೂ ಮೂರು ದಿನಕ್ಕ ತಿರುಗಿ ಬಂದೇನಿ. ನಾ ಯಾರನ್ನೂ ಓಡಿಸಿಲ್ಲ. ಬರಾಕ ಹೇಳ್ರಿ ಅವಗ.”

ಆಮೇಲೆ ದನಿ ತಗ್ಗಿಸಿ ಒಂದು ಕರಾರು ಹಾಕಿದಳು. ಕುಣಿಯೊಳಗಿನ ಹಿಡಿ ಮಣ್ಣೂ ಅಲುಗಾಡಬಾರದು. ತುಳಿಯುವ ಹಲಗೆಗಳ ಹಗ್ಗ ಬಿಗಿ ಮಾಡುವುದು, ಹಲಗೆ ಏರಿಸುವುದು ಯಾವುದೂ ಕೂಡದು. “ಅವರು ಹೆಂಗ ಬಿಟ್ಟು ಹೋಗ್ಯಾರ, ಹಂಗ ಇರಬೇಕು ನೋಡ್ರಿ.” ಕುಬೇರಪ್ಪ ಅದನ್ನು ಹಿಂದಿಯಲ್ಲಿ ತಿಳಿಸಿದ. ಹಾರಾಧನ ಎರಡೆರಡು ಸಲ ತಲೆಯಾಡಿಸಿದ.

ಓಣಿಯ ಮಂದಿ ಔದಾರ್ಯಕ್ಕೆ ಕಡಿಮೆ ಮಾಡಲಿಲ್ಲ, ಅದನ್ನು ಒಪ್ಪಲೇಬೇಕು. ಸಂಘ ನೂಲು ಕೊಟ್ಟಿತು. ಒಬ್ಬರು ಚಾಪೆ ಕೊಟ್ಟರು, ಒಬ್ಬರು ಕಂಬಳಿ. ದಿನಕ್ಕೊಂದು ಮನೆಯಂತೆ ಪಾಳಿಯಲ್ಲಿ ರೊಟ್ಟಿ ಕೊಟ್ಟರು. ಅನ್ನ ಉಂಡು ಬೆಳೆದವನು ಕಟಕ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ನೆನೆಸಿ ತಿನ್ನುವುದನ್ನು ನೋಡಿ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರೇ ಹೊರತು, ಒಂದು ಹಿಡಿ ಅಕ್ಕಿ ಬೇಯಿಸೋಣವೆಂದು ಯಾರಿಗೂ ಅನ್ನಿಸಲಿಲ್ಲ. ಹಾರಾಧನ ಎಂಬ ಹೆಸರು ಬಾಯಿಗೆ ಹೊರಳದೆ ಧನಪ್ಪ ಎಂದು ಕರೆದರು. ಅವನು ಅದಕ್ಕೂ ಓಗೊಟ್ಟ.

ಮೊದಲ ದಿನ ಮಗ್ಗದ ಸದ್ದು ಎದ್ದಾಗ ರೋಶನಬಿ ರಾಟೆಯ ಮುಂದೆ ಕುಳಿತು ಮುಖ ಗೋಡೆಗೆ ತಿರುಗಿಸಿಕೊಂಡು ಅತ್ತಳು. ಸಂತೋಷವೂ ಆಗಿತ್ತು, ಸಂಕಟವೂ ಆಗಿತ್ತು. ಆದರೆ ಎರಡು ದಿನದಲ್ಲೇ ಅವಳ ಕಿವಿಗೆ ಏನೋ ಸರಿಬರಲಿಲ್ಲ. ಸದ್ದು ಕುಂಟುತ್ತಿತ್ತು. ನಾಲ್ಕು ಪೆಟ್ಟು ಸರಿ ಬಿದ್ದರೆ ಐದನೆಯದು ತಡವರಿಸುತ್ತಿತ್ತು. ಉಳಿದವರು ನಾಲ್ಕೈದು ದಿನಕ್ಕೆ ಇಳಿಸುವ ಚೌಕಡಿ ಸೀರೆ ಅವನಿಗೆ ಹನ್ನೊಂದು ದಿನ ಹಿಡಿಯಿತು. ಕುಬೇರಪ್ಪ ಅದನ್ನು ಕಟ್ಟೆಯ ಮೇಲೆ ಹರವಿದ. ಚೌಕಗಳು ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ, ನಡುನಡುವೆ ನೂಲು ಬಿಟ್ಟ ಗೆರೆಗಳು. ಅವನಿಗೆ ಈ ಮಗ್ಗ ಹೊಸದು, ಇರಲಿ ಅಂದರು. ಎರಡನೆಯದೂ ಹಾಗೇ ಬಂತು.

ಆಗ ಓಣಿಯ ನಾಲಿಗೆ ತಿರುಗಿತು. ಕ್ಯಾಂಪಿನಲ್ಲಿ ಕುಳಿತು ಉಂಡು ಮೈಗಳ್ಳನಾಗಿದ್ದಾನೆ ಎಂದರು ಕೆಲವರು. ನೇಕಾರನೇ ಅಲ್ಲ, ಸುಳ್ಳು ಹೇಳಿ ಬಂದಿದ್ದಾನೆ ಎಂದರು ಮತ್ತೆ ಕೆಲವರು. ಅಷ್ಟೂ ಜನ ಹುಟ್ಟಾ ನೇಕಾರರು, ಆದರೆ ಕಾಲು ಮುಟ್ಟದ ಕುಣಿಗೆ ಒಂದು ದಿನವೂ ಕೂತವರಲ್ಲ. ಮುಟ್ಟಿದ ಮೇಲೆಯೇ ಬೆಲ್ಲ ತಿಂದು ಇಳಿದವರು. ಹಾಗಾಗಿ ಯಾರೊಬ್ಬನಿಗೂ ಅದು ಹೊಳೆಯಲಿಲ್ಲ.

ಕುಬೇರಪ್ಪ ಬಂದು ಹೇಳಿದ: “ತಂಗೀ, ಮೂರನೇದು ನೋಡೋಣು. ಅದೂ ಹಿಂಗ ಆತಂದರ ಸಿಂಧನೂರ ಬಸ್ಸು ಹತ್ತಿಸಿಬಿಡತೇನಿ. ನೂಲು ಹಾಳಾಗಾಕ ಹತ್ತೇತಿ, ಸಂಘದಾಗ ನನಗ ಮಾತು ಬರತಾವ.”

ಕುಂಟುವ ಸದ್ದಾದರೂ ಸದ್ದೇ. ಅದೂ ಹೋದರೆ ಮನೆ ಮತ್ತೆ ಮೊದಲಿನಂತೆ ಬಾಯಿ ಮುಚ್ಚಿಕೊಳ್ಳುತ್ತದೆ ಎಂದು ರೋಶನಬಿಗೆ ದಿಗಿಲಾಯಿತು. ಇವನು ಜಾಣ ಕೆಲಸಗಾರನಾಗಿದ್ದರೆ ಏನಾಗುತ್ತಿತ್ತು ಎಂದು ಅವನ ಮೇಲೆಯೇ ಸಿಟ್ಟು ಬಂತು. ಅವನು ಮಾತಾಡುತ್ತಲೂ ಇರಲಿಲ್ಲ. ಅವಳ ಮನೆಮಾತು ಉರ್ದು, ಅವನಿಗೆ ಹರಕುಮುರುಕು ಹಿಂದಿ ಬರುತ್ತಿತ್ತು. ಮಾತಾಡಬೇಕೆಂದರೆ ಆಡಬಹುದಿತ್ತು. ಆದರೆ “ದೀದಿ, ಬಂದೆ”, “ದೀದಿ, ಹೋಗಿ ಬರುತ್ತೇನೆ” ಇವೆರಡನ್ನು ಬಿಟ್ಟರೆ ಮೂರನೆಯ ಮಾತಿರಲಿಲ್ಲ. ನೀರು ಬೇಕೆಂದೂ ಕೇಳುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಇಡೀ ಹಗಲು ಇಬ್ಬರು ಕೂತಿರುತ್ತಿದ್ದರು, ಇಬ್ಬರೂ ಒಂಟಿ.

ಮೂರನೆಯ ಸೀರೆ ಅರ್ಧಕ್ಕೆ ಬಂದ ದಿನ ಮಧ್ಯಾಹ್ನ, ಅವಳ ಕೈಯಿಂದ ಒಂದು ಕಂಡಿಕೆ ಜಾರಿ ಉರುಳಿ ಹೋಗಿ ಕುಣಿಯೊಳಗೆ ಬಿತ್ತು. ಎರಡು ವರ್ಷದಿಂದ ಆ ಕುಣಿಯನ್ನು ಬಗ್ಗಿ ನೋಡದವಳು ನೂಲು ಮಣ್ಣಾಗುತ್ತದೆಂಬ ಗಡಿಬಿಡಿಯಲ್ಲಿ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

ಅವನ ಕಾಲುಗಳು, ಬಸ್ಸಿನ ಸೀಟಿನಲ್ಲಿ ಕೂರಿಸಿದ ಮಗುವಿನ ಕಾಲಿನ ಹಾಗೆ, ಕೆಳಗೆ ಮುಟ್ಟದೆ ತೂಗುತ್ತಿದ್ದವು. ಹೆಬ್ಬೆರಳ ತುದಿಯಿಂದ ಹಲಗೆಯನ್ನು ಹೇಗೋ ಒತ್ತುತ್ತಿದ್ದ. ಬಲಗಾಲಿನ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ, ಬಟ್ಟೆಯ ಮೇಲೆ ರಕ್ತ ಒಣಗಿತ್ತು. ಅದರ ಕೆಳಗೆ, ನಾಲ್ಕು ಬೆರಳು ಅಂತರದಲ್ಲಿ, ಅಕ್ಬರಸಾಬನ ಹಿಮ್ಮಡಿಯ ತಗ್ಗುಗಳು ಇದ್ದ ಹಾಗೇ ಇದ್ದವು. ತಾನು ಹೊಸ ಸೊಸೆಯಾಗಿ ಇಳಿದ ದಿನ, ಗಂಡ ನಕ್ಕ ದಿನ, ಅವಳ ಕಣ್ಣಿಗೆ ಕಟ್ಟಿತು.

“ಯಾಕ ಹೇಳಲಿಲ್ಲ?” ಎಂದು ಅವಳು ಕೂಗಿಯೇ ಬಿಟ್ಟಳು. ಸಿಟ್ಟಿಗೆ ಅವಳ ಬಾಯಲ್ಲಿ ಕನ್ನಡ ಬಂದಿತ್ತು, ಮತ್ತೆ ಅವನಿಗೆ ತಿಳಿಯುವ ಹಾಗೆ ಹೇಳಿದಳು.

ಹಾರಾಧನ ಲಾಳಿ ಕೆಳಗಿಟ್ಟ. ತನ್ನ ಹರಕು ಹಿಂದಿಯಲ್ಲಿ ಹೇಳಿದ. ನಾಲ್ಕು ಕ್ಯಾಂಪು ದಾಟಿ ಬಂದಿದ್ದೇನೆ, ದೀದಿ. ಅಕ್ಕಿಗೆ ಸಾಲು ನಿಲ್ಲಿಸುತ್ತಿದ್ದರು. ಇದು ಕಡಿಮೆಯಾಯಿತು, ಅದು ಬೇಕು ಎಂದು ಯಾರು ಬಾಯಿ ತೆರೆದರೋ ಅವರನ್ನು ಸಾಲಿನ ಕೊನೆಗೆ ಕಳಿಸುತ್ತಿದ್ದರು. ಕೊನೆಗೆ ಹೋದವರಿಗೆ ಅಕ್ಕಿ ಉಳಿಯುತ್ತಿರಲಿಲ್ಲ. ನನ್ನ ಹೆಂಡತಿ ಔಷಧಿ ಕೇಳಿದ್ದಳು. ಅಂದಿನಿಂದ ನಾನು ಏನನ್ನೂ ಕೇಳುವುದಿಲ್ಲ. ನೀವು ಮುಟ್ಟಬೇಡ ಅಂದಿದ್ದಿರಿ, ಮುಟ್ಟಲಿಲ್ಲ.

“ಇವತ್ತಿಗೆ ಸಾಕು. ಹೋಗು” ಎಂದಳು ರೋಶನಬಿ. ಅವನು ಹೋದ. ಅವಳು ಕುಣಿಯ ಅಂಚಿಗೆ ಕುಳಿತು ಆ ಎರಡು ತಗ್ಗುಗಳನ್ನು ಕಣ್ತುಂಬ ನೋಡಿದಳು. ಸತ್ತವನ ಹಿಮ್ಮಡಿ ಉಳಿಸಿಕೊಳ್ಳಲು ಬದುಕಿರುವವನ ಕಾಲಿನಿಂದ ರಕ್ತ ತೆಗೆದೆನಲ್ಲಾ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಆ ಸಂಜೆ ಅವಳ ಕೈ ಮಣ್ಣಿಗೆ ಹೋಗಲಿಲ್ಲ.

ಮರುದಿನ ಬೆಳಗ್ಗೆ ಬುಟ್ಟಿ ಹಿಡಿದು ಹೋಗಿ ಮಣ್ಣು ಹೊತ್ತು ಬಂದಳು. ಪಕ್ಕದ ಮನೆಯ ಹನಮವ್ವ ಕಟ್ಟೆ ಸಾರಿಸುತ್ತಿದ್ದವಳು ಎದ್ದು, “ಯವ್ವಾ ರೋಶನಬಿ, ಮಣ್ಣು ಯಾತಕ್ಕ? ಕಡೀಕೂ ಕುಣಿ ಮುಚ್ಚತಿ ಏನು?” ಎಂದು ಕೇಳಿದಳು.

“ಮುಚ್ಚೂದಿಲ್ಲ. ಏರಸ್ತೇನಿ” ಎಂದಳು ರೋಶನಬಿ. ಎರಡು ಬುಟ್ಟಿ ಮಣ್ಣು ತಂದು, ನೀರು ಕಲಸಿ, ಕುಣಿಗೆ ಇಳಿದು ತಾನೇ ಹಾಕಿದಳು. ಎಡಗಡೆಯ ತಗ್ಗು ಮೊದಲು ಮುಚ್ಚಿತು. ಬಲಗಡೆಯದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕುಳಿತು, ಬಿಕ್ಕಿ ಅತ್ತು, ಆಮೇಲೆ ಅದನ್ನೂ ಮುಚ್ಚಿದಳು. ಗಂಡನನ್ನು ಎರಡನೆಯ ಸಲ ಮಣ್ಣು ಮಾಡಿದ ಹಾಗಾಯಿತು ಅವಳಿಗೆ.

ಹೊತ್ತೇರಿದರೂ ಹಾರಾಧನ ಬರಲಿಲ್ಲ. ಹಸಿಮಣ್ಣು ಗಟ್ಟಿಯಾಗುವ ಮೊದಲು ಅವನ ಕಾಲಿನ ಅಳತೆ ಬೇಕಿತ್ತು. ಗಂಡ ಸತ್ತ ಮೇಲೆ ಗೋಡೆಯ ಬದಿಗೇ ತಲೆತಗ್ಗಿಸಿ ನಡೆಯುತ್ತಿದ್ದ ಹೆಂಗಸು, ಮೊಣಕೈತನಕ ಕೆಸರು ಮಾಡಿಕೊಂಡು ಓಣಿಯ ನಡುವೆಯೇ ಸಂಘದ ಗೋದಾಮಿಗೆ ನಡೆದಳು. ಒಂದೊಂದೇ ಮಗ್ಗ ನಿಂತು, ಒಂದೊಂದೇ ತಲೆ ಬಾಗಿಲಿಗೆ ಬಂತು. ಗೋದಾಮಿನ ಮೆಟ್ಟಿಲ ಮೇಲೆ ಅವನು ಗಂಟು ಕಟ್ಟಿಕೊಂಡು ಕುಳಿತಿದ್ದ. ಕೊಟ್ಟ ಚಾಪೆ, ಕಂಬಳಿ ಮಡಿಸಿ ಪಕ್ಕಕ್ಕಿಟ್ಟಿದ್ದ.

“ಎಲ್ಲಿಗೆ?” ಎಂದಳು.

“ಕ್ಯಾಂಪಿಗೆ. ನಿನ್ನೆ ಹೋಗು ಅಂದಿರಲ್ಲ, ದೀದಿ.”

“ಎದ್ದೇಳು. ನಡಿ ಮನಿಗೆ. ಕಾಲಿನ ಅಳತಿ ಬೇಕಾಗೇತಿ” ಎಂದು ಗದರಿದಳು. ಅವನ ಗಂಟನ್ನು ಕೆಸರು ಕೈಯಲ್ಲೇ ಎತ್ತಿಕೊಂಡು ಮುಂದೆ ನಡೆದಳು.

ಅವನು ಕುಣಿಯ ಅಂಚಿಗೆ ಕುಳಿತು ಹೆದರಿ ಹೆದರಿ ಕಾಲು ಇಳಿಬಿಟ್ಟ. ಇನ್ನೂ ಅರ್ಧ ಬೆರಳು ಬೇಕಿತ್ತು. ಮತ್ತೆ ಮಣ್ಣು ಹಾಕಿದಳು. ಈ ಸಲ ಹಿಮ್ಮಡಿ ಹಸಿಮಣ್ಣಿಗೆ ಊರಿತು. ಹಲಗೆಗಳ ಹಗ್ಗವನ್ನು ಅವನೇ ಬಿಗಿದುಕೊಂಡ, ಕೇಳದೆಯೇ. ರೋಶನಬಿ ಅಡುಗೆಮನೆಯಿಂದ ಬೆಲ್ಲದ ಚೂರು ತಂದು ಅವನ ಕೈಗಿಟ್ಟಳು. ಏಕೆಂದು ಅವನಿಗೆ ತಿಳಿಯಲಿಲ್ಲ, ಬಾಯಿಗೆ ಹಾಕಿಕೊಂಡ.

ಮೂರನೆಯ ಸೀರೆ ಅರ್ಧ ಕುಂಟಾಗಿ, ಅರ್ಧ ಚೊಕ್ಕವಾಗಿ ಇಳಿಯಿತು. ಕುಬೇರಪ್ಪ ಅದನ್ನು ಹರವಿ, ಚೌಕಗಳು ನೆಟ್ಟಗಾದ ಜಾಗದಲ್ಲಿ ಬೆರಳಿಟ್ಟು, “ಇಲ್ಲಿಂದ ಬ್ಯಾರೇದವರು ನೇಯ್ದಾರೇನು?” ಎಂದು ಕೇಳಿದ. ಸುತ್ತ ನಾಲ್ಕು ಜನ ನೇಕಾರರೂ ನಿಂತಿದ್ದರು.

“ಅವನ ನೇಯ್ದಾನ. ಅಲ್ಲೀತನಕ ಕಾಲು ಮುಟ್ಟಿದ್ದಿಲ್ಲ, ಅಲ್ಲಿಂದ ಮುಟ್ಟ್ಯಾವ” ಎಂದಳು ರೋಶನಬಿ. ಬಾಗಿಲಲ್ಲೇ ನಿಂತು ಮಾತಾಡುವವಳು ಅಂದು ಕಟ್ಟೆಗೆ ಬಂದಿದ್ದಳು. “ಮಗ್ಗ ಕೊಟ್ವಿ, ನೂಲು ಕೊಟ್ವಿ, ರೊಟ್ಟಿ ಕೊಟ್ವಿ, ಹೆಸರೂ ನಾವ ಕೊಟ್ವಿ. ನಿನ್ನ ಕಾಲು ಮುಟ್ಟತಾವೇನಪಾ ಅಂತ ಯಾರರೆ ಕೇಳಿದ್ವೇನ್ರಿ ಅಣ್ಣಾರ? ನಿಮಗಷ್ಟ ಅನ್ನೂದಿಲ್ಲ ಮತ್ತ, ಮೊದಲ ನನಗ ಅಂದುಕೊಂಡೇನಿ.”

ಕುಬೇರಪ್ಪ ಸೀರೆ ಮಡಿಸುತ್ತ ಕುಳಿತ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದ. ಆಮೇಲೆ ಹಾರಾಧನನ ಕಡೆ ನೋಡದೆ, “ಅವನ ಖರೆ ಹೆಸರು ಏನಿತ್ತು ತಂಗೀ? ನಾನೂ ಮರತೇನಿ” ಎಂದು ಕೇಳಿದ. ಅಂದು ಸಂಜೆ ಕುಬೇರಪ್ಪನ ಮನೆಯಿಂದ ಪಾಳಿಯ ಊಟ ಬಂತು. ರೊಟ್ಟಿಯಿರಲಿಲ್ಲ, ಅನ್ನವಿತ್ತು.

ಹಾರಾಧನ ಏಳು ವರ್ಷ ಇದ್ದ. ಅವನ ಚೌಕಡಿ ಸೀರೆಗಳಿಗೆ ಮುಂಡರಗಿ, ಶಿರಹಟ್ಟಿಯ ಅಂಗಡಿಗಳಿಂದ ಕೇಳಿಕೆ ಬರುತ್ತಿತ್ತು. ದೀದಿ ಹೋಗಿ ಅಕ್ಕಾ ಆಯಿತು, ಕನ್ನಡ ಬಂತು, ರೊಟ್ಟಿಯೂ ಒಗ್ಗಿತು. ಆದರೆ ಬಾಯಿಬಿಟ್ಟು ಏನನ್ನೂ ಕೇಳುವುದು ಮಾತ್ರ ಅವನಿಗೆ ಬರಲೇ ಇಲ್ಲ. ಎಂಬತ್ತೊಂದರಲ್ಲಿ ಅಣ್ಣ ತೀರಿಕೊಂಡನೆಂದು ತಂತಿ ಬಂತು. ಅಣ್ಣನಿಗೆ ಮೂವರು ಸಣ್ಣ ಮಕ್ಕಳು, ಹಾರಾಧನ ಹೋಗಲೇಬೇಕಿತ್ತು. ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿತ್ತು, ಇಳಿಸಿ ಹೋಗುವಷ್ಟು ಹೊತ್ತಿರಲಿಲ್ಲ.

ಬಾಗಿಲಲ್ಲಿ ನಿಂತು, “ಅಕ್ಕಾ, ಒಂದು ಕೇಳಲೇನು?” ಎಂದ.

ರೋಶನಬಿ ರಾಟೆ ಬಿಟ್ಟು ಎದ್ದಳು. ಏಳು ವರ್ಷಕ್ಕೆ ಅದು ಮೊದಲ ಸಲ. “ಕೇಳಪಾ. ಏನ ಬೇಕಾದ್ರೂ ಕೇಳು.”

“ಅಕ್ಬರ ಭಾಯಿದು ಒಂದು ಲಾಳಿ ಒಯ್ಯಲೇನು?”

ಎರಡಿದ್ದವು. ಸವೆದು ನುಣ್ಣಗಾಗಿದ್ದ ಹಳೆಯದನ್ನೇ ಆರಿಸಿ ಕೊಟ್ಟಳು.

ಅವನು ಹೋದ ಮೇಲೆ ಮನೆ ಹಿಂದಿಗಿಂತ ದೊಡ್ಡದಾದ ಹಾಗೆ, ಖಾಲಿಯಾದ ಹಾಗೆ ಅನ್ನಿಸಿತು. ಅಷ್ಟೊತ್ತಿಗೆ ಓಣಿಯಲ್ಲಿ ಉಳಿದದ್ದೇ ಒಂಬತ್ತು ಮಗ್ಗ, ಉಳಿದವರು ವಿದ್ಯುತ್ ಮಗ್ಗದ ಕಾರ್ಖಾನೆಗಳಿಗೆ ಕೂಲಿ ಹೋಗುತ್ತಿ‌ದ್ದರು. ಆ ಅರ್ಧ ಸೀರೆ ಮುಗಿಸಲೆಂದು ಒಬ್ಬಿಬ್ಬರು ಬಂದು ಅವಳ ಕುಣಿಗೆ ಕೂತು ನೋಡಿದರು. ಮೊಣಕಾಲು ಮೇಲಕ್ಕೆ ಮಡಚಿ ಮಗ್ಗಕ್ಕೆ ಬಡಿಯುತ್ತಿತ್ತು. ಕುಬೇರಪ್ಪ ಕೋಲೂರಿಕೊಂಡು ಬಂದು, “ಆ ನಾಕು ಬೆರಳು ಮಣ್ಣು ಕೆತ್ತಿಸಿಬಿಡೋಣೇನು ತಂಗೀ?” ಎಂದು ಕೇಳಿದ. ಬೇಡವೆಂದಳು. ಸಾಬೀರಾ ಮತ್ತೆ ಲಕ್ಷ್ಮೇಶ್ವರದಿಂದ ಬಂದು ಕರೆದಳು. ಅದಕ್ಕೂ ಬೇಡವೆಂದಳು.

ಮಗಳನ್ನು ಬಸ್ಸಿಗೆ ಹತ್ತಿಸಿ ಬಂದ ಮಧ್ಯಾಹ್ನ ಅವಳು ರಾಟೆಯ ಮುಂದೆ ಕೂರಲಿಲ್ಲ. ಅರ್ಧಕ್ಕೆ ನಿಂತ ಸೀರೆಯ ಮೇಲಿನ ಧೂಳು ಒರೆಸಿದಳು. ಮೂವತ್ತು ವರ್ಷ ಒಬ್ಬನನ್ನು, ಏಳು ವರ್ಷ ಇನ್ನೊಬ್ಬನನ್ನು ನೋಡಿದ ಕಣ್ಣಿಗೆ ಯಾವ ದಾರ ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೀರೆ ಎತ್ತಿ ಕಟ್ಟಿಕೊಂಡು, ಕುಣಿಯ ಅಂಚಿಗೆ ಕುಳಿತು, ಕಾಲು ಇಳಿಬಿಟ್ಟಳು.

ಹಿಮ್ಮಡಿಗಳು ಮಣ್ಣಿಗೆ ತಾಗಿದವು. ಏಳು ವರ್ಷದಲ್ಲಿ ಹಾರಾಧನನ ಹಿಮ್ಮಡಿಗಳು ಮಾಡಿದ್ದ ಎರಡು ಹೊಸ ತಗ್ಗುಗಳಲ್ಲಿ ಅವಳವು ಕುಳಿತುಕೊಂಡವು.

ಬೆಲ್ಲ ಹಾಕಲು ಮನೆಯಲ್ಲಿ ಯಾರೂ ಇರಲಿಲ್ಲ. ಅವಳೇ ಮೇಲೆದ್ದು ಹೋಗಿ, ಡಬ್ಬಿಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಬಂದು ಮತ್ತೆ ಇಳಿದಳು. ಓಣಿಯಲ್ಲಿ ಹತ್ತನೆಯ ಮಗ್ಗದ ಸದ್ದು ಎದ್ದಾಗ ಹನಮವ್ವ ಓಡಿ ಬಂದು ಬಾಗಿಲಲ್ಲಿ ನಿಂತಳು. “ಯಾರು ಬಂದಾರ ರೋಶನಬಿ? ಯಾರು ಕುಂತಾರ ಒಳಗ?”

“ಯಾರೂ ಬಂದಿಲ್ಲವ್ವಾ. ಹೋಗಿ ಮನಿಮನಿಗೆ ಹೇಳಿ ಬಾ” ಎಂದಳು ರೋಶನಬಿ, ಲಾಳಿಯ ಮೇಲಿನ ಕಣ್ಣು ತೆಗೆಯದೆ. “ನನ್ನ ಕಾಲು ಮುಟ್ಟ್ಯಾವ.”